ಸೇತುವೆ ಬುಡದಲ್ಲಿ ಕೆಂಪು ಕಾಳು

"ಬೆನ್ನು ನೆಟ್ಟಗಿಟ್ಕೊ. ಊರೆಲ್ಲ ನೋಡ್ತಿದೆ," ಎಂದು ಕಿನುಯೊ ಸೊಸೆಯ ಕಿಮೋನೊದ ನಡುಪಟ್ಟಿಯನ್ನು ಹಿಂದಿನಿಂದ ಜಗ್ಗಿದಳು. ಎಂಬತ್ತನಾಲ್ಕಾದರೂ ಮುದುಕಿಯ ಕೈ ಸುಮ್ಮನಿರದು. ಸೊಸೆ ಶಿಗೆನೊ ಕಂಕುಳಲ್ಲಿದ್ದ ಬಟ್ಟೆಯ ಗಂಟನ್ನು ಇನ್ನಷ್ಟು ಒತ್ತಿ ಹಿಡಿದಳು.

ನಮ್ಮೂರಿನ ಮುನ್ನೂರು ವರ್ಷದ ಮರದ ಸೇತುವೆಗೆ ಮತ್ತೆ ಹೊಸ ತೊಲೆ, ಹೊಸ ಹಲಗೆ ಬಿದ್ದಿತ್ತು. ಮೊದಲು ದಾಟುವ ಭಾಗ್ಯ ಒಂದೇ ಸೂರಿನಡಿ ಬಾಳುವ ಮೂರು ತಲೆಮಾರಿನ ಮೂರು ಜೋಡಿಗೆ. ಈ ಕಾಲದಲ್ಲಿ ಅಂಥ ಮನೆ ಎಲ್ಲಿಂದ ತರುವುದು? ಇದ್ದದ್ದು ಎರಡೇ: ಕಿನುಯೊಳ ತಾಗುಚಿ ಮನೆ, ಸಾಕೆ ಎಂಬ ಅಕ್ಕಿಮದ್ಯದ ಭಟ್ಟಿಯ ಕುರಾಮೋತೊ ಮನೆ. ಕಿನುಯೊ ಎರಡು ವರ್ಷ ಅವರಿವರ ಮನೆ ಬಾಗಿಲು ಸವೆಸಿ ಈ ಮರ್ಯಾದೆ ಗಿಟ್ಟಿಸಿಕೊಂಡಿದ್ದಳು. ಇದೊಂದು ದಾಟಿದರೆ ಸಾಯೋಕೂ ಬೇಜಾರಿಲ್ಲ ಎಂದು ಕಂಡಕಂಡವರಿಗೆ ಹೇಳಿದ್ದಳು.

ಮೂವತ್ತೆರಡು ವರ್ಷದ ಹಿಂದೆ ಇದೇ ಸೇತುವೆಯಾಚೆ ಶಿಗೆನೊಳ ತಾಯಿ ಕೊನೆಯುಸಿರೆಳೆಯುತ್ತಿದ್ದಳು. ಸುದ್ದಿ ಬಂದಾಗ ಇವಳು ನಾದಿನಿಯ ಮದುವೆಯೂಟಕ್ಕೆ ಕೆಂಪು ಕಾಳು ಆರಿಸುತ್ತಿದ್ದಳು. "ಮುಗಿಸಿ ಹೋಗು. ಸಾಯೋರು ಅಷ್ಟು ಬೇಗ ಸಾಯಲ್ಲ," ಎಂದಿದ್ದಳು ಕಿನುಯೊ. ಗಂಡ ಮಸಾತೊಷಿ ಪೇಪರಿನಿಂದ ತಲೆಯೆತ್ತಲಿಲ್ಲ. ಶಿಗೆನೊ ಮುಗಿಸಿ ಓಡಿದಾಗ ತಾಯಿಯ ಮುಖದ ಮೇಲೆ ಬಿಳಿ ಬಟ್ಟೆ ಹಾಸಿದ್ದರು. ಆ ಸಿಟ್ಟು ಒಂದು ದಿನವೂ ಆರದಂತೆ ಅವಳು ನೋಡಿಕೊಂಡಿದ್ದಳು.

"ತಾಗುಚಿ ಮನೆಯವರು ಬನ್ನಿ," ಎಂದ ಪುರೋಹಿತ. "ಹತ್ತು ಗಂಟೆಯೊಳಗೆ ದಾಟ್ಬೇಕು."

ಶಿಗೆನೊ ಸೇತುವೆಯ ಬುಡದಲ್ಲಿ ಕೂತು ಗಂಟು ಬಿಚ್ಚಿದಳು. ಸೇರಷ್ಟು ಕೆಂಪು ಕಾಳು. ನಿನ್ನೆ ಹೊಳೆದಂಡೆಯಲ್ಲಿ ಅದೇ ಬಣ್ಣದ ಹರಳು ಹುಡುಕಿ ತಾನೇ ಬೆರೆಸಿದ್ದಳು.

"ಅತ್ತೆ, ಕಾಳಲ್ಲಿ ಕಲ್ಲಿದೆ. ಆರಿಸಿ ಮುಗಿಸಿ, ಆಮೇಲೆ ದಾಟೋಣ."

"ತಲೆ ಕೆಟ್ಟಿದೆಯೇನೇ ನಿಂಗೆ?"

"ಇಲ್ಲ. ನೀವು ಮುಗಿಸೋವರೆಗೂ ನನ್ನ ಕಾಲು ಏಳಲ್ಲ. ಐದು ಜನ ಸಾಕು ಅಂದ್ರೆ ಹೋಗಿ."

ಮಸಾತೊಷಿ ಬಗ್ಗಿ ಪಿಸುಗುಟ್ಟಿದ: "ಮನೇಲಿ ಮಾತಾಡೋಣ ಕಣೆ."

"ಪೇಪರ್ ತಂದಿಲ್ವಾ? ಓದ್ತಾ ಕೂತ್ಕೊಳ್ಳಿ."

ಕುರಾಮೋತೊ ಮನೆಯ ಹೆಂಗಸು ಬೀಸಣಿಗೆಯ ಹಿಂದೆ ನಗುತ್ತಿದ್ದಳು. ಕಿನುಯೊ ಅವಳನ್ನು ನೋಡಿದಳು, ಸೇತುವೆಯನ್ನು ನೋಡಿದಳು, ಆಮೇಲೆ ಮೆಲ್ಲನೆ ಮಂಡಿಯೂರಿದಳು. ಕನ್ನಡಕವಿಲ್ಲದೆ ಕಾಳನ್ನು ಒಂದೊಂದಾಗಿ ಕಣ್ಣಿನ ಹತ್ತಿರ ಹಿಡಿಯತೊಡಗಿದಳು.

ಮೊಮ್ಮಗನ ಹೆಂಡತಿ ಮಿಯೊಗೆ ತಡೆಯಲಾಗಲಿಲ್ಲ. ಅವಳು ಬಗ್ಗಿ ಕೈಹಾಕುವಷ್ಟರಲ್ಲಿ ಶಿಗೆನೊ ಅತ್ತ ನೋಡದೆಯೇ ಅವಳ ಮಣಿಕಟ್ಟು ಹಿಡಿದಳು.

"ಅವತ್ತು ನನ್ನ ಜೊತೆ ಯಾರೂ ಕೂರ್ಲಿಲ್ಲಮ್ಮ."

ಹತ್ತು ಗಂಟೆಗೆ ಇನ್ನೈದೇ ನಿಮಿಷ ಉಳಿಯಿತು. ಪುರೋಹಿತ ಹಣೆ ಒರೆಸಿಕೊಂಡು ಕುರಾಮೋತೊ ಮನೆಯವರನ್ನು ಕರೆದ. ಆರು ಜೋಡಿ ಮರದ ಚಪ್ಪಲಿಗಳು ಹೊಸ ಹಲಗೆಯ ಮೇಲೆ ಟಕಟಕ ಎನ್ನುತ್ತ ದಾಟಿಹೋದವು. ಶಿಗೆನೊ ಆ ಸದ್ದನ್ನು ಕೊನೆಯವರೆಗೂ ಕೇಳಿ, ಗಂಟಿನ ಬಟ್ಟೆಗೆ ಕೈಯಿಟ್ಟಳು.

"ಎಲ್ಲ ಆಯ್ತು. ಏಳಿ ಅತ್ತೆ."

ಕಿನುಯೊ ಏಳಲಿಲ್ಲ. "ಅವತ್ತು ಎಷ್ಟು ಹೊತ್ತು ಕೂತಿದ್ದೆ?" ಎಂದಳು.

"ಒಂದೂವರೆ ಗಂಟೆ."

ಮುದುಕಿ ತಲೆ ತಗ್ಗಿಸಿ ಇನ್ನೊಂದು ಕಾಳನ್ನು ಕೈಗೆತ್ತಿಕೊಂಡಳು.