ಹೊಂಬಳದ ಕೆರೆಯ ಬುರುಡೆ ದೀಪಗಳು

ಫಕ್ಕೀರಪ್ಪ ತೀರಿಕೊಂಡ ಸುದ್ದಿ ಬಂದಾಗ ನನ್ನ ಬಲಗೈ ಒಂದು ಸೋರೆಬುರುಡೆಯೊಳಗೆ ಸಿಕ್ಕಿಕೊಂಡಿತ್ತು. ಒಣಗಿದ ತಿರುಳು ಕೆರೆಯಲು ಹಾಕಿದ ಕೈ ಹಿಂದಕ್ಕೆ ಬರಲೊಲ್ಲದು. ಅಷ್ಟರಲ್ಲಿ ಅವನ ಮಗ ಯಲ್ಲೇಶ ಬಾಗಿಲಿಗೆ ಬಂದು, "ಅಪ್ಪ ಹೋದ್ರಿ, ಕಾಕಾ" ಎಂದ.

ಎದ್ದು ಓಡಿದೆ. ಗೋಡೆಗೆ ಆನಿಸಿ ಕೂಡಿಸಿದ್ದ ಗೆಳೆಯನ ಕೊರಳಿಗೆ ಮಾಲೆ ಹಾಕಹೋದಾಗಲೇ ಬುರುಡೆ ಇನ್ನೂ ಕೈಯಲ್ಲಿರುವುದು ಕಂಡದ್ದು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳು ತಡೆಯಲೋ ನಗು ತಡೆಯಲೋ, ನಾನು ವಿಚಾರಿಸಲಿಲ್ಲ. ನೆರೆಯ ಗೋಣೆಪ್ಪ ಕಲ್ಲಿನಿಂದ ಕುಟ್ಟಿ ನನ್ನನ್ನು ಬಿಡಿಸಿದ.

ಗದಗ ಬೇರೆ ಜಿಲ್ಲೆಯಾದ ಹೊಸತು. ಅಲ್ಲಿಂದ ಬಂದ ಚಿತ್ರಕಲೆಯ ಶಿಕ್ಷಕಿ ರೇಷ್ಮಾ ನಮ್ಮೂರಿಗೊಂದು ಕೆಲಸ ಹಚ್ಚಿದ್ದಳು. ಮನೆಗೊಂದು ಬುರುಡೆ, ಅದರ ಮೈಮೇಲೆ ತಮ್ಮ ಹೊಲದಲ್ಲಿ ಕಂಡದ್ದನ್ನು ತೂತು ಕೊರೆದು ಬಿಡಿಸಬೇಕು, ಒಳಗೊಂದು ಸಣ್ಣ ಬಲ್ಬು ಇಟ್ಟು ಕೆರೆಯ ಆಲದ ಮರಕ್ಕೆ ತೂಗುಬಿಡಬೇಕು. ಬುರುಡೆಗಳನ್ನೆಲ್ಲ ತನ್ನ ಬೇಲಿಯ ಮೇಲೆ ಬೆಳೆದವನು ಫಕ್ಕೀರಪ್ಪ. ಆ ದೀಪಗಳ ಬಗ್ಗೆ ಅವನು ದಿನಾಲೂ ಹೇಳುತ್ತಿದ್ದ. ನಾನು ಕೇಳಿಸಿಕೊಂಡವನಲ್ಲ, ನನಗೆ ಹೇಳಿಯಷ್ಟೇ ರೂಢಿ.

ಅವನು ಹೋದ ಮೇಲೆ ಉಸ್ತುವಾರಿಯನ್ನು ನಾನೇ ಹೊತ್ತುಕೊಂಡೆ. ಯಾರೂ ಕೇಳಿರಲಿಲ್ಲ. ಅವನ ಹೆಂಡತಿ ಅಮೃತವ್ವ ಅಂದಿನಿಂದ ಹೊಸ್ತಿಲು ದಾಟಿರಲಿಲ್ಲ. ಗಂಡನ ಮನಸ್ಸಿನಲ್ಲಿದ್ದ ಬೆಳಕನ್ನು ಆಕೆ ಒಮ್ಮೆ ಕಣ್ಣಾರೆ ನೋಡಬೇಕು, ಅಷ್ಟೇ ನನ್ನ ಆಸೆ.

ಆದರೆ ನಾನು ಮಸೀದಿಯಲ್ಲಿ ನಮಾಜಿಗೆ ಮೊದಲು ಸಾಲು ನೆಟ್ಟಗೆ ಮಾಡಿಸುವ ಮನುಷ್ಯ. ಒಬ್ಬನ ಹಿಮ್ಮಡಿ ಮುಂದೆ ಬಂದರೂ ನನಗೆ ಸಮಾಧಾನವಿಲ್ಲ. ಈ ರೋಗ ಬುರುಡೆಗಳಿಗೂ ಅಂಟಿತು. ಹಗ್ಗ ಬಿಗಿದು ಅವನ್ನು ಸಾಲುಸಾಲಾಗಿ ತೂಗುಹಾಕಿ, ಅಲುಗಾಡದಂತೆ ಎರಡೂ ಮಗ್ಗುಲಿಗೆ ದಾರ ಕಟ್ಟಿದೆ. ತುಸು ಸಡಿಲ ಬಿಡೋಣವೇ ಎಂದು ರೇಷ್ಮಾ ಕೇಳಿದಳು. ಶಿಸ್ತಿನ ಬಗ್ಗೆ ಆಕೆಗೊಂದು ಉಪನ್ಯಾಸ ಕೊಟ್ಟೆ. ಹುಡುಗಿ ದಾರದ ಉಂಡೆಯನ್ನು ನನ್ನ ಕೈಗಿತ್ತಳು. ಒಪ್ಪಿದಳೆಂದು ಬೀಗಿದೆ.

ಸಂಜೆ ಊರು ಕೂಡಿತು. ನನ್ನ ಹೆಂಡತಿ ಹಾಜಿರಾಬಿ ಅಮೃತವ್ವನನ್ನು ಕೈಹಿಡಿದು ಕರೆತಂದಳು. ದೀಪ ಹತ್ತಿದವು. ಒಂದೂ ಮಿಸುಕಲಿಲ್ಲ.

"ಚಲೋ ಆಗೇತಿ," ಎಂದಳು ಹಾಜಿರಾಬಿ. "ಇನ್ನ ನೀವು ಮುಂದ ನಿಂತು ನಮಾಜ ಓದಸೂದ ಬಾಕಿ."

ಊರೆಲ್ಲ ನಕ್ಕಿತು. ಅಮೃತವ್ವ ನಗಲಿಲ್ಲ.

"ಅಣ್ಣಾರ, ಗಾಳಿಗೆ ಬಿಡ್ತೀನಿ, ಅದು ಹೆಂಗ ಆಡಸ್ತೈತಿ ನೋಡೂಣು ಅಂದಿದ್ರು ಅವರು. ನೀವು ಕಟ್ಟಿ ಹಾಕೀರಿ."

ಹೀಗೆಂದು ಮನೆಯ ಕಡೆ ತಿರುಗಿದಳು. ನಾನು ಏಣಿ ಏರಿ ದಾರಕ್ಕೆ ಕೈ ಹಾಕಿದೆ. ಗಂಟು ಹಾಕುವುದರಲ್ಲಿ ನಾನು ಗಟ್ಟಿಗ, ನನಗೇ ಬಿಚ್ಚಲಾಗಲಿಲ್ಲ. ಕಚ್ಚಿ ಎಳೆದೆ. ಉಳಿದಿದ್ದ ಹಲ್ಲೊಂದು ಸಡಿಲವಾಯಿತು, ಗಂಟು ಆಗಲಿಲ್ಲ.

"ಇಳೀರಿ ಅಣ್ಣಾರ," ಕೆಳಗಿನಿಂದ ಅಮೃತವ್ವನ ದನಿ. "ನಿಮ್ಮನ್ನೂ ಹೊತ್ತುಕೊಂಡು ಹೋಗಾಕ ನಮ್ಮ ಕೈಲೆ ಆಗೂದಿಲ್ಲ."

ಆಕೆ ಯಲ್ಲೇಶನಿಂದ ಕುಡಗೋಲು ತರಿಸಿ, ತನ್ನ ಮನೆಯ ಬುರುಡೆಯ ಮಗ್ಗುಲ ದಾರಗಳನ್ನು ತಾನೇ ಕೊಯ್ದಳು. ಆಮೇಲೆ ಕುಡಗೋಲು ಕೈಯಿಂದ ಕೈಗೆ ಹೋಯಿತು; ಪ್ರತಿ ಮನೆಯವರೂ ತಮ್ಮದನ್ನು ಬಿಡಿಸಿಕೊಂಡರು. ಕಪ್ಪತಗುಡ್ಡದ ಕಡೆಯಿಂದ ಗಾಳಿ ಬಂತು. ಬುರುಡೆಗಳು ತೂಗಿದವು. ಬೆಳಕಿನ ಜೋಳದ ತೆನೆ, ಹತ್ತಿಯ ಕಾಯಿ ನಮ್ಮ ಮುಖಗಳ ಮೇಲೆ ಹರಿದಾಡಿ ನೀರಿಗಿಳಿದವು.

"ಹಿಂಗ ಅಂದಿದ್ರು," ಎಂದು ಅಮೃತವ್ವ ಕೆರೆಯ ಮೆಟ್ಟಿಲ ಮೇಲೆ ಕೂತಳು. ಬಹಳ ಹೊತ್ತು ಏಳಲಿಲ್ಲ.

ನಾನೂ ತುಸು ದೂರ ಕೂತು, ಮನಸ್ಸಿನಲ್ಲೇ ಬೇಡಿಕೊಂಡೆ: ಎಲ್ಲರನ್ನೂ ಹುಟ್ಟಿಸಿದವನೇ, ನನ್ನ ಗೆಳೆಯ ಫಕ್ಕೀರಪ್ಪ ನಿನ್ನ ಬಳಿ ಬಂದಿದ್ದಾನೆ. ಅವನ ತಪ್ಪುಗಳನ್ನು ಮನ್ನಿಸು. ಅವನು ಮಲಗಿದ ಮಣ್ಣನ್ನು ತಂಪಾಗಿಡು. ಅವನ ಜೀವಕ್ಕೆ ಶಾಂತಿ ಕೊಡು.