ಬಾಲದ ಮೇಲಿನ ಆರು ಗ್ರಾಂ

ಆ ಭಾನುವಾರ ಬೆಳಗ್ಗೆ ಆರೂವರೆಯಾದರೂ ಮಂಜು ನೆಲ ಬಿಟ್ಟಿರಲಿಲ್ಲ. ಗಾಳಿ ಮಾತ್ರ ಪೂರ್ತಿ ನಿಂತಿತ್ತು. ರಾಜೀವನಗರದಾಚೆ, ಸೈಟಿನ ಕಲ್ಲು ನೆಟ್ಟು ಮನೆ ಇನ್ನೂ ಏಳದ ಬಯಲಿನಲ್ಲಿ ಏಳೆಂಟು ಜನ ಬಿಸಿಲು ಬರಲೆಂದು ಕಾದು ನಿಂತಿದ್ದರು. ಏಳೂಕಾಲಿಗೆ ಬೆಟ್ಟದ ನೆತ್ತಿ ಕಂಡಿತು. ಷಡಕ್ಷರಿ ಮೇಷ್ಟ್ರು ಅತ್ತ ಕೈಮುಗಿದು, ತಮ್ಮ ವಿಮಾನವನ್ನು ನೆಟ್ಟಗೆ ನಿಲ್ಲಿಸಿದ್ದ ಕಂಬಿಗೆ ಏರಿಸಿದರು.

ವಿಮಾನವೆಂದರೆ ಒಂದೂವರೆ ಮೊಳದ್ದು. ಜೆಟ್ಟಿನ ಅಚ್ಚು: ಚೂಪು ಮೂತಿ, ತ್ರಿಕೋನದ ರೆಕ್ಕೆ, ಹಿಂದೆ ನಿಂತ ಎರಡು ಬಾಲ. ಬಾಲಗಳ ನಡುವೆ ಹೆಬ್ಬೆರಳು ಗಾತ್ರದ ರಾಕೆಟ್ ಮೋಟಾರು. ಅದು ಐದಾರು ಸೆಕೆಂಡು ಉರಿದು ವಿಮಾನವನ್ನು ಮೇಲಕ್ಕೆ ಒಯ್ಯಬೇಕು. ಉರಿ ಮುಗಿದ ಮೇಲೆ ರಿಮೋಟಿನಿಂದ ರೆಕ್ಕೆಯಂಚನ್ನು ಆಡಿಸುತ್ತ, ಗರುಡನ ಹಾಗೆ ತೇಲಿಸಿಕೊಂಡು ಇಳಿಸಬೇಕು. ಬ್ಯಾಟರಿ, ಮೋಟಾರು ಎಲ್ಲ ಸೇರಿ ಮುನ್ನೂರು ಗ್ರಾಂ ಮೀರುವಂತಿರಲಿಲ್ಲ.

ಲೆಕ್ಕವೆಲ್ಲ ಮೇಷ್ಟ್ರದು. ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು, ಯಾದವಗಿರಿಯ ಮನೆಯ ಊಟದ ಮೇಜಿನ ಮೇಲೆ ನಕ್ಷೆ ಬರೆದಿದ್ದರು. ಕೈಕೆಲಸ ದೇವಯ್ಯನವರದು. ರಾಜೀವನಗರದಲ್ಲಿ ಅವರದೊಂದು ಥರ್ಮಾಕೋಲ್ ಅಂಗಡಿ. ಮದುವೆ ಮಂಟಪದ ಕಮಾನು, ನವಿಲು, ವಧೂವರರ ಹೆಸರು, ಎಲ್ಲವನ್ನೂ ಕಾದ ತಂತಿಯಲ್ಲಿ ಕತ್ತರಿಸಿ ಕೊಡುತ್ತಾರೆ. ಈ ಕೆಲಸದಲ್ಲಿ ನಡುವೆ ಕೈ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ತಂತಿ ಅಲ್ಲಿಯೇ ಗುಳಿ ತೋಡುತ್ತದೆ. ರೆಕ್ಕೆ ಕತ್ತರಿಸಿದ ದಿನ ಅವರು ಉಸಿರು ಬಿಗಿಹಿಡಿದು, ಈ ಕೊನೆಯಿಂದ ಆ ಕೊನೆಗೆ ಒಂದೇ ಓಟದಲ್ಲಿ ತಂತಿ ಎಳೆದಿದ್ದರು. ಆಮೇಲೆ ಬೆವರು ಒರೆಸಿಕೊಂಡು, "ಮೂತಿಗೊಂದು ನವಿಲು ಕೂರಿಸ್ಬುಡ್ಲಾ ಮೇಷ್ಟ್ರೇ?" ಎಂದಿದ್ದರು.

"ನವಿಲು ಹನ್ನೆರಡು ಗ್ರಾಂ ಆಗತ್ತೆ ಕಣ್ರೀ."

"ಗರಿ ಕಿತ್ತು ಕೂರಿಸ್ತೀನಿ ಬುಡಿ."

ಮೋಟಾರು ತಂದವಳು ಬಿಂದು. ಮೇಷ್ಟ್ರ ಹಳೆಯ ಶಿಷ್ಯೆ, ಈಗ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮಕ್ಕಳಿಗೆ ಮಾದರಿ ವಿಮಾನ ಕಟ್ಟಿಸುತ್ತಾಳೆ. ದೇವಯ್ಯನವರ ಕೈ ನೋಡಿ ಬೆರಗಾಗಿ, ಪ್ರತಿ ಶನಿವಾರ ಕಾಲೇಜಿಗೆ ಬಂದು ತಂತಿಯ ಕೆಲಸ ಕಲಿಸಿ ಎಂದು ಕೇಳಿದ್ದಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ದೇವಯ್ಯನವರು ಆ ಸುದ್ದಿಯನ್ನು ಬೀದಿಯ ಪ್ರತಿ ಮನೆಗೂ ಮುಟ್ಟಿಸಿದ್ದರು.

ಬಯಲಿನಲ್ಲಿ ಬಿಂದು ಮೋಟಾರಿಗೆ ಕಿಡಿ ಕೊಡುವ ಗುಂಡಿ ಒತ್ತಿದಳು. ಬಿಳಿ ಹೊಗೆ ಚಿಮ್ಮಿತು. ವಿಮಾನ ತೆಂಗಿನಮರದೆತ್ತರ ಏರಿತೋ ಇಲ್ಲವೋ, ಮೂತಿ ಹಿಂದಕ್ಕೆ ಮಗುಚಿತು. ಮೇಷ್ಟ್ರು ರಿಮೋಟಿನ ಕಡ್ಡಿಯನ್ನು ಎಷ್ಟು ತಳ್ಳಿದರೂ ಕೇಳದೆ ಎರಡು ಪಲ್ಟಿ ಹೊಡೆದು ನೆಲಕ್ಕೆ ಬಡಿಯಿತು. ಮೂತಿ ನುಚ್ಚಾಯಿತು. ರೆಕ್ಕೆಗೆ ತುದಿಯಲ್ಲೊಂದು ಬಿರುಕು ಮಾತ್ರ.

ಮೇಷ್ಟ್ರು ಅದನ್ನೆತ್ತಿ ಒಂದು ಕಣ್ಣು ಮುಚ್ಚಿ ನೋಡಿದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು.

"ರೆಕ್ಕೆ ತಿರುಚಿದೆ. ಕತ್ತರಿಸುವಾಗ ಕೈ ಅಲುಗಿದೆ."

ದೇವಯ್ಯನವರು ಬಗ್ಗಿ ಮೂತಿಯ ಚೂರುಗಳನ್ನು ಆಯ್ದರು. ಹೊರಡುವಾಗ ಬಿಂದು ಅವರಿಗೆ, "ಶನಿವಾರದ್ದು ಸ್ವಲ್ಪ ನೋಡಿ ಹೇಳ್ತೀನಿ," ಎಂದಳು. ಎರಡು ಶನಿವಾರ ಕಳೆದವು. ಅವಳು ಹೇಳಲಿಲ್ಲ.

ಒಂದು ಬೆಳಗ್ಗೆ ಮೇಷ್ಟ್ರು ಲಿಂಗಪೂಜೆ ಮುಗಿಸಿ ಒದ್ದೆ ವಿಭೂತಿಯ ಬೆರಳಲ್ಲೇ ಮೇಜಿಗೆ ಬಂದರು. ವಿಮಾನ ಕಟ್ಟಿ ಮುಗಿಸಿದ ದಿನದಿಂದ ಅವರದೊಂದು ಪದ್ಧತಿ. ಪೂಜೆಯಾದ ಮೇಲೆ ಎರಡು ಬಾಲಕ್ಕೂ ಎರಡೂ ಪಕ್ಕ ಮೂರು ಮೂರು ಬೆರಳ ವಿಭೂತಿ. ಮೋಟಾರು ಬರುವುದಕ್ಕೆ ಕಾದ ನಲವತ್ತೆರಡು ದಿನವೂ ಅದು ತಪ್ಪಿರಲಿಲ್ಲ. ಆ ದಿನ ಬೆರಳು ತಾಗಿದೊಡನೆ ಹಳೆಯ ಪಟ್ಟೆ ಸುಣ್ಣದ ಚಕ್ಕೆಯ ಹಾಗೆ ಕಳಚಿ ಅವರ ಅಂಗೈಗೆ ಬಿತ್ತು. ಸಾಕಷ್ಟು ದಪ್ಪನಾದ ಚಕ್ಕೆ.

ಮೇಷ್ಟ್ರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಉಳಿದದ್ದನ್ನೂ ಉಗುರಿನಿಂದ ಕೆರೆದು, ಪುಟ್ಟ ತಕ್ಕಡಿಗೆ ಹಾಕಿದರು. ಆರು ಗ್ರಾಂ. ನವಿಲಿನ ಅರ್ಧ. ಅದೂ ಬಾಲದ ತುದಿಯಲ್ಲಿ. ವಿಮಾನವನ್ನು ಎರಡು ಬೆರಳ ತುದಿಯ ಮೇಲೆ ಇಟ್ಟು, ಹಿಂದೆ ಮುಂದೆ ಬಾಗದೆ ನಿಲ್ಲುವ ಜಾಗ ಗುರುತಿಸಿದ್ದು ಮೊದಲ ದಿನ. ಆಮೇಲೆ ಇನ್ನೊಮ್ಮೆ ನೋಡಿರಲಿಲ್ಲ. ಭಾರ ಹಿಂದಕ್ಕೆ ಸರಿದ ವಿಮಾನ ಮೂತಿಯೆತ್ತಿ ಮಗುಚುತ್ತದೆ ಎಂದು ಮೂವತ್ತು ವರ್ಷ ಪಾಠ ಹೇಳಿದ್ದವರು ಅವರೇ.

ರೆಕ್ಕೆಯನ್ನು ಗಾಜಿನ ಮೇಲಿಟ್ಟು ದಾರ ಹಿಡಿದು ನೋಡಿದರು. ಈ ತುದಿಯಿಂದ ಆ ತುದಿಗೆ ಕಾಗದ ತೂರುವಷ್ಟೂ ಸಂದು ಇರಲಿಲ್ಲ.

ಹೆಂಡತಿ ಸರ್ವಮಂಗಳಾ ಕಾಫಿ ತಂದಿಟ್ಟು ತಕ್ಕಡಿ ನೋಡಿದರು. "ಶಿವ ನಿಮ್ಮ ಹಣೆ ಮೇಲಿದ್ರೆ ಸಾಕಾಗಿತ್ತು ಕಣ್ರೀ. ಬಾಲಕ್ಕೂ ಹತ್ತಿಸಿ ಕೂರಿಸಿದ್ರಾ?"

ಮೇಷ್ಟ್ರಿಗೆ ನಗು ಬರಲಿಲ್ಲ. ಆ ಮಧ್ಯಾಹ್ನವೇ ಅಂಗಡಿಗೆ ಹೋದರು. ದೇವಯ್ಯನವರು ಯಾರದೋ ಗೃಹಪ್ರವೇಶಕ್ಕೆ ಕಮಲ ಕತ್ತರಿಸುತ್ತಿದ್ದರು. ತಂತಿ ಆ ತುದಿ ಮುಟ್ಟುವವರೆಗೂ ಮೇಷ್ಟ್ರು ಬಾಗಿಲಲ್ಲೇ ನಿಂತು, ಆಮೇಲೆ ಎಲ್ಲ ಹೇಳಿದರು.

"ತಪ್ಪು ನಂದು ದೇವಯ್ಯನವರೇ. ನಿಮ್ಮ ರೆಕ್ಕೆ ನೆಟ್ಟಗಿದೆ."

ದೇವಯ್ಯನವರು ತಂತಿಯ ಸ್ವಿಚ್ ಆರಿಸಿದರು. "ನೆಟ್ಟಗಿದೆ ಅಂತ ನಂಗೆ ಗೊತ್ತಿಲ್ವಾ ಮೇಷ್ಟ್ರೇ? ನೀವು ಅವತ್ತು ಬಯಲಲ್ಲಿ ನಿಂತ್ಕೊಂಡು ಅಂದ್ಬುಟ್ರಿ. ಇವತ್ತು ಈ ನಾಕು ಗೋಡೆ ಒಳಗೆ ಬಂದು ಇಲ್ಲ ಅಂದ್ರೆ ಎಂಗೆ? ಇಲ್ಲಿರೋ ಕಮಲಕ್ಕೆ ಕೇಳಿಸ್ತು, ಅಷ್ಟೇ."

ಮೇಷ್ಟ್ರು ತಲೆದೂಗಿ ಹೊರಟು ಬಂದರು.

ಹೊಸ ಮೂತಿಯನ್ನು ತಾವೇ ಕೂರಿಸಿದರು. ಅದು ಸ್ವಲ್ಪ ಅಂಕುಡೊಂಕಾಯಿತು. ರೆಕ್ಕೆಯ ಬಿರುಕಿಗೆ ಅಂಟು ಹಾಕಿ, ಮೇಲೆ ಬೂದುಬಣ್ಣ ಬಳಿದು, ಬೆರಳ ತುದಿಯ ಮೇಲೆ ಮತ್ತೆ ತೂಗಿಸಿ ನೋಡಿದರು. ಬಿಂದುವಿನ ಹತ್ತಿರ ಉಳಿದಿದ್ದದ್ದು ಇನ್ನೊಂದೇ ಮೋಟಾರು. ಅದನ್ನೂ ಕೇಳಿ ಪಡೆದರು. ಮೊದಲ ಸಲ ಬಂದಿದ್ದವರನ್ನೆಲ್ಲ ಫೋನು ಮಾಡಿ ಮತ್ತೆ ಅದೇ ಬಯಲಿಗೆ ಕರೆದರು. ದೇವಯ್ಯನವರೂ ಬಂದರು, ಆದರೆ ರಸ್ತೆಬದಿಯಲ್ಲೇ ಸ್ಕೂಟರಿಗೆ ಒರಗಿ ನಿಂತರು.

ಬಿಂದು ಕಂಬಿಯ ಬಳಿ ಬಗ್ಗಿ ನೋಡಿದಳು. "ಹೊಸ ರೆಕ್ಕೆ ಚೆನ್ನಾಗಿದೆ ಸರ್. ಯಾರ ಕೈಲಿ ಮಾಡಿಸಿದ್ರಿ?"

ಹಾರಿ ಗೆದ್ದ ಮೇಲೆ ಹೇಳಿದರೆ ಸುಲಭವಿತ್ತು. ಬಿದ್ದರೆ, ತಪ್ಪನ್ನು ಮತ್ತೆ ರೆಕ್ಕೆಯ ಮೇಲೇ ಹಾಕಬಹುದಿತ್ತು. ಮೇಷ್ಟ್ರು ಎರಡಕ್ಕೂ ಕಾಯಲಿಲ್ಲ.

"ಹೊಸದಲ್ಲ ಬಿಂದು. ಅವತ್ತಿಂದೇ, ದೇವಯ್ಯನವರು ಕತ್ತರಿಸಿದ್ದೇ." ಆಮೇಲೆ ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಎಲ್ಲರಿಗೂ ಹೇಳಿದರು: "ರೆಕ್ಕೆ ತಿರುಚಿರಲಿಲ್ಲ. ದಿನಾ ವಿಭೂತಿ ಹಚ್ಚಿ ಹಚ್ಚಿ ಬಾಲಕ್ಕೆ ಆರು ಗ್ರಾಂ ಸೇರಿಸಿದ್ದೆ. ತೂಗದೆ ತಪ್ಪನ್ನ ಅವರ ಮೇಲೆ ಹಾಕಿದೆ. ಇವತ್ತೂ ಬಿದ್ರೆ ಅದು ನನ್ನ ಲೆಕ್ಕದ ತಪ್ಪು, ಅವರ ಕೈಯದ್ದಲ್ಲ."

ಯಾರೋ ಕಿಸಕ್ಕನೆ ನಕ್ಕು ಸುಮ್ಮನಾದರು. ಮೇಷ್ಟ್ರ ಕಿವಿ ಕೆಂಪಾಗಿತ್ತು. ಕಣ್ಣು ಮುಚ್ಚಿ ಒಮ್ಮೆ ಶಿವನನ್ನು ನೆನೆದು ರಿಮೋಟ್ ಹಿಡಿದರು.

ಮೋಟಾರು ಹೊತ್ತಿತು. ವಿಮಾನ ನೆಟ್ಟಗೆ ಏರಿತು. ಹೊಗೆ ನಿಂತ ಮೇಲೆ ಒಂದು ಗಳಿಗೆ ಮೇಲೆಯೇ ತಡೆದು, ಮೂತಿ ತಗ್ಗಿಸಿ, ದೊಡ್ಡದೊಂದು ಸುತ್ತು ಬಂದು, ಹುಲ್ಲಿನ ಮೇಲೆ ಜಾರಿ ನಿಂತಿತು. ಅಷ್ಟಕ್ಕೆ ಒಂದು ನಿಮಿಷ ಹಿಡಿಯಿತು.

ಎಲ್ಲರೂ ಮೇಷ್ಟ್ರನ್ನು ಸುತ್ತುವರಿದರು. ಬಿಂದು ಮಾತ್ರ ರಸ್ತೆಬದಿಗೆ, ದೇವಯ್ಯನವರ ಹತ್ತಿರ ನಡೆದು ಹೋದಳು.

"ಶನಿವಾರ ಹತ್ತು ಗಂಟೆಗೆ ಕ್ಲಾಸು," ಎಂದಳು ಮೆಲ್ಲಗೆ. "ಹದಿನೈದು ಮಕ್ಕಳಿದ್ದಾರೆ. ಕ್ಲಾಸು ನಿಮ್ಮದೇ, ಹೇಳೋಕೆ ನಾನೇ ತಡ ಮಾಡಿದೆ."