ಮೂರು ಕೆಜಿ ಇನ್ನೂರು

ಪಾರ್ಸೆಲ್ ಆಫೀಸಿನಲ್ಲಿ ತೂಕದ ಕೌಂಟರ್ ಅವಳದು. ಗಿರಾಕಿ ಬಾಯಲ್ಲಿ ಹೇಳಿದ ತೂಕವನ್ನು ಒಂಬತ್ತು ವರ್ಷದಲ್ಲಿ ಒಮ್ಮೆಯೂ ನಂಬಿದವಳಲ್ಲ. ತಾನು ಹುಟ್ಟಿದಾಗಿನ ತೂಕವನ್ನು ಮಾತ್ರ ಅಮ್ಮ ಹೇಳಿದಂತೆ ನಂಬಿದ್ದಳು. ಗಂಡ, ಅಮ್ಮನ ಜೊತೆ ಹೋಗಿ ಬಸುರಿಯ ಕಾರ್ಡು ಮಾಡಿಸಿದ ದಿನ ನರ್ಸ್, "ನೀವು ಹುಟ್ಟಿದಾಗ ಎಷ್ಟಿದ್ರಿ?" ಎಂದರೆ, ಇವಳು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಅಮ್ಮ, "ಮೂರು ಕೆಜಿ ಇನ್ನೂರು. ಗುಂಡುಕಲ್ಲಿನ ಹಾಗಿದ್ಲು," ಎಂದಿದ್ದಳು. ನರ್ಸ್ ಬರೆದುಕೊಂಡಿದ್ದಳು.

ಈಗ ಏಳು ತಿಂಗಳು ತುಂಬಿದರೂ ಹೊಟ್ಟೆ ಐದರಂತಿತ್ತು. ನರ್ಸ್ ಟೇಪು ಹಿಡಿದು ನೋಡಿ, "ಸ್ವಲ್ಪ ಚಿಕ್ಕದು. ನೀವೇ ದಪ್ಪ ಮಗು ಆಗಿದ್ರಲ್ಲ, ಮುಂದಿನ ಸಲ ನೋಡೋಣ," ಎಂದು ಕಳಿಸಿದ್ದಳು.

ಭಾನುವಾರ ಅಮ್ಮನ ತಂಗಿ ಬಂದಳು. ಹೊಟ್ಟೆ ನೋಡಿ ನಕ್ಕಳು. "ಥೇಟ್ ನಿಮ್ಮಮ್ಮಂದೇ ಹೊಟ್ಟೆ. ನೀನೂ ಹಿಡಿಯಷ್ಟೇ ಇದ್ದೆ. ಒಂದು ಕೆಜಿ ಎಂಟುನೂರು."

"ಮೂರು ಇನ್ನೂರಲ್ವಾ ಚಿಕ್ಕಮ್ಮ?"

"ಅದು ನಿಮ್ಮಪ್ಪನ ಅಮ್ಮನ ಎದುರು ತೂಗಿದ್ದು ಕಣೇ! ಎರಡು ಕಂಬಳಿ, ನಿನ್ನ ಬೆಚ್ಚಗಿಡೋಕೆ ಅಂತ ಒಳಗೊಂದು ಬಿಸಿನೀರಿನ ಬಾಟಲಿ. ಎಲ್ಲಾ ಸಮೇತ ತೂಗ್ಸಿದ್ಲು ನಿಮ್ಮಮ್ಮ. ಮುದುಕಿ ಬಾಯಿಗೆ ಬೀಗ!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅವಳು ಎದ್ದು ಒಳಗೆ ಹೋದಳು.

"ಅಜ್ಜಿಗೆ ಹೇಳಿದ್ದು ಬಿಡು. ನರ್ಸಿಗ್ಯಾಕೆ ಸುಳ್ಳು ಹೇಳ್ದೆ?"

"ನಿಜ ಗೊತ್ತಾಗಿದ್ರೆ ಇಲಿಮರಿ ಹೆತ್ಲು ಅಂತ ಊರೆಲ್ಲ ಆಡ್ಕೊಳ್ತಿದ್ರು ನಿಮ್ಮಜ್ಜಿ. ಮೂವತ್ತು ವರ್ಷ ಹೇಳ್ಕೊಂಡು ಬಂದಿದ್ದನ್ನ ನಿನ್ನ ಗಂಡನ ಎದುರು ಹೆಂಗೆ ಬದಲಾಯ್ಸಲಿ? ನೀನೇನು ಬದುಕ್ಲಿಲ್ವಾ?"

"ಆಮೇಲಾದ್ರೂ ನನ್ನ ಕಿವೀಲಿ ಹೇಳ್ಬಹುದಿತ್ತು."

ಅಮ್ಮ ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ಮರುದಿನ ಅವಳು ರಜೆ ಹಾಕಿ ಒಬ್ಬಳೇ ಆಸ್ಪತ್ರೆಗೆ ಹೋದಳು. ನರ್ಸ್ ಹಳೆಯ ಅಂಕಿ ಹೊಡೆದುಹಾಕಿದಳು. "ಮೊದಲೇ ಗೊತ್ತಿದ್ರೆ ಆಗಿಂದಲೇ ಸ್ಕ್ಯಾನ್ ಮಾಡಿಸ್ತಿದ್ವಿ. ಕಡಿಮೆ ತೂಕದಲ್ಲಿ ಹುಟ್ಟಿದೋರ ಮಕ್ಕಳೂ ಚಿಕ್ಕದಾಗೋದು, ದಿನ ತುಂಬೋ ಮೊದಲೇ ಹುಟ್ಟೋದು ಸ್ವಲ್ಪ ಜಾಸ್ತಿ. ಎಲ್ರಿಗೂ ಹಾಗಾಗಲ್ಲ. ಚಿಕ್ಕದಾಗಿದ್ರೆ ಅದು ಯಾರ ತಪ್ಪೂ ಅಲ್ಲ."

ಸ್ಕ್ಯಾನಿನಲ್ಲಿ ಮಗು ಒಂದು ಕೆಜಿಯೂ ಇರಲಿಲ್ಲ. ಎದೆಬಡಿತ ಗಟ್ಟಿಯಾಗಿತ್ತು. ಇನ್ನು ವಾರಕ್ಕೆ ಎರಡು ಸಲ ಬರಬೇಕು, ಹೆರಿಗೆ ದೊಡ್ಡಾಸ್ಪತ್ರೆಯಲ್ಲೇ ಆಗಬೇಕು ಎಂದರು. ಮಗು ಚಿಕ್ಕದಾದದ್ದು ಅಮ್ಮನ ತಪ್ಪಲ್ಲ, ಅದನ್ನು ಒಪ್ಪಿದಳು. ಯಾರೂ ನೋಡದೆ ಕಳೆದ ವಾರಗಳ ಲೆಕ್ಕ ಮಾತ್ರ ಅಮ್ಮನದೇ.

ನರ್ಸ್ ಹೊಸ ಕಾಗದ ತೆಗೆದಳು. "ಹೆರಿಗೆ ಹೊತ್ತಲ್ಲಿ ಜೊತೆಗಿರೋರು? ಅಮ್ಮನ್ನ ಬರೀಲಾ?"

ಬಾಗಿಲಾಚೆ ಬೆಂಚಿನ ಮೇಲೆ ಅಮ್ಮ ಕೂತಿದ್ದಳು, ಇವಳ ಹಿಂದೆಯೇ ಇನ್ನೊಂದು ಬಸ್ಸಿಗೆ ಬಂದಿರಬೇಕು. ಮಡಿಲಲ್ಲಿ ಹಣ್ಣಿನ ಚೀಲ.

"ಬೇಡ. ಚಿಕ್ಕಮ್ಮನ್ನ ಬರ್ಕೊಳ್ಳಿ," ಎಂದಳು ಅವಳು, ಆಚೆಗೂ ಕೇಳುವಂತೆ. "ಅವಳ ಬಾಯಲ್ಲಿ ಎಳ್ಳು ನೆನೆಯಲ್ಲ."